ಕಾಫಿಯಂತ್ರವನ್ನು ತೊಳೆಯುವವರಾರು?

(ಒಬ್ಬ ವಿದ್ಯಾರ್ಥಿನಿ, ಬಿ.ಎ. ಅಂತಿಮ ವರ್ಷ)

ನಮ್ಮದು ಚಹಾದ ಸೀಮೆ. ಜಮಖಂಡಿಯ ಬಸ್‌ನಿಲ್ದಾಣದಲ್ಲಾಗಲಿ, ಮುಧೋಳದ ಪೇಟೆಯಲ್ಲಾಗಲಿ, ಬೀಳಗಿಯ ಸಂತೆಯಲ್ಲಾಗಲಿ, ರಬಕವಿ-ಬನಹಟ್ಟಿಯ ಮಗ್ಗದ ಓಣಿಗಳಲ್ಲಾಗಲಿ, "ಬರ್ರಿ, ಚಾ ಕುಡಿಯೂನು" ಎಂದು ಕರೆಯುವವರಿದ್ದಾರೆಯೇ ಹೊರತು ಕಾಫಿಗೆ ಕರೆಯುವವರು ವಿರಳ. ಹಾಗೆಂದು ಕಾಫಿ ನಮಗೆ ಅಪರಿಚಿತವೇನಲ್ಲ. ಅದು ನಮ್ಮಲ್ಲಿ ಮಾನದ ಪಾನೀಯ. ಮನೆಗೆ ಬ್ಯಾಂಕಿನ ಸಾಹೇಬರು ಬಂದರೆ, ಕನ್ಯೆ ನೋಡಲು ಪಟ್ಟಣದವರು ಬಂದರೆ, ಆಗ ಮಾತ್ರ "ಚಹಾ ತಗೋತೀರೋ, ಕಾಫಿ ತಗೋತೀರೋ?" ಎಂಬ ಪ್ರಶ್ನೆ ಹುಟ್ಟುತ್ತದೆ. ನಲವತ್ತು ವರ್ಷ ಮಗ್ಗದ ಮುಂದೆ ನಿಂತ ನನ್ನ ಅಪ್ಪನನ್ನು ಯಾರೂ ಇದುವರೆಗೆ ಹಾಗೆ ಕೇಳಿದ್ದಿಲ್ಲ. ನಾನು ಕಾಲೇಜು ಸೇರಿದ ಮೇಲೆ ನನ್ನನ್ನು ಇಬ್ಬರು ಕೇಳಿದ್ದಾರೆ. ನಮ್ಮ ಮನೆತನದಲ್ಲಿ ಪದವಿಯ ತರಗತಿಯನ್ನು ಹೊಕ್ಕವಳು ನಾನೇ ಮೊದಲಿಗಳಾದುದರಿಂದ ಈ ಪ್ರಶ್ನೆಯ ಗೌರವವೂ ನನಗೇ ಮೊದಲು ಸಂದಿತೆಂದು ತೋರುತ್ತದೆ.

ಈ ಮಾನವು ಈಗ ಯಂತ್ರದ ರೂಪ ತಾಳಿ ನಮ್ಮ ಅಡಿಗೆಮನೆಗಳನ್ನು ಹೊಗುತ್ತಿದೆ. ಮದುವೆಯ ಆಯೇರಿಯಲ್ಲಿ, ವಾಸ್ತುಶಾಂತಿಯ ಉಡುಗೊರೆಯಲ್ಲಿ, ಪುಣೆ-ಬೆಂಗಳೂರುಗಳಲ್ಲಿ ದುಡಿಯುವ ಮಕ್ಕಳ ಚೀಲದಲ್ಲಿ ಅದು ಬರುತ್ತದೆ. ನಮ್ಮ ಮನೆಗೆ ಬಂದದ್ದು ವಿದ್ಯುತ್ತಿನ ಪರ್ಕೊಲೇಟರು. ಐ.ಟಿ.ಐ. ಮುಗಿಸಿ ಪುಣೆಯ ಕಾರಖಾನೆಯೊಂದರಲ್ಲಿ ಕೆಲಸಕ್ಕಿರುವ ಅಣ್ಣ ಅದನ್ನು ದೀಪಾವಳಿಗೆ ತಂದನು. ಇಂಥ ಪಾತ್ರೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಮತ್ತು ನಡೆಸಿಕೊಂಡು ಹೋಗುವುದು, ಇವೆರಡೂ ಬೇರೆ ಬೇರೆ ಕೆಲಸಗಳು. ಮೊದಲನೆಯದಕ್ಕೆ ಹಣ ಸಾಕು. ಎರಡನೆಯದಕ್ಕೆ ಏನು ಬೇಕೆಂಬುದನ್ನು ವಾಚಕರ ಮುಂದಿಡಬೇಕೆಂದೇ ಈ ಲೇಖನ.

ಕಲಾ ವಿಭಾಗದ ನನ್ನ ಸಹಪಾಠಿಗಳಿಗೆ ಯಂತ್ರದ ಒಳಗುಟ್ಟನ್ನು ಮೊದಲು ಹೇಳಿಬಿಡುವುದು ಒಳಿತು. ನೋಡಲಿಕ್ಕೆ ಅದು ಹಿಡಿಕೆಯುಳ್ಳ ಎತ್ತರದ ತಂಬಿಗೆಯಂತಿದೆ. ತಳದಲ್ಲಿ ಕಾಯುವ ಸುರುಳಿಯಿದೆ. ನಡುವೆ ಒಂದು ಸಪೂರ ಕೊಳವೆ ನೆಟ್ಟಗೆ ನಿಂತಿದೆ. ಕೊಳವೆಯ ಮೇಲ್ತುದಿಯ ಹತ್ತಿರ ತೂತುಗಳುಳ್ಳ ಚಿಕ್ಕ ಬುಟ್ಟಿ. ಅದರಲ್ಲಿ ಕಾಫಿಯ ಪುಡಿ. ತಳದ ನೀರು ಕಾದು ಗುಳ್ಳೆ ಎದ್ದಾಗ ಆ ಗುಳ್ಳೆಗಳು ತಮ್ಮ ಮೇಲಿನ ನೀರನ್ನು ಕೊಳವೆಯೊಳಗೆ ಮೇಲಕ್ಕೆ ದೂಡುತ್ತವೆ. ನೀರು ಮುಚ್ಚಳಕ್ಕೆ ಬಡಿದು ಪುಡಿಯ ಮೇಲೆ ಚೆಲ್ಲಿ, ಸೋಸಿ ಕೆಳಗಿಳಿದು, ಮತ್ತೆ ಕಾದು ಮತ್ತೆ ಮೇಲೇರುತ್ತದೆ. ಹೀಗೆ ಏಳೆಂಟು ನಿಮಿಷ ಗುಡುಗುಡು ಸದ್ದು ನಡೆದು, ಕಾವು ಗೊತ್ತಾದ ಮಟ್ಟಕ್ಕೆ ಬಂದೊಡನೆ ಯಂತ್ರ ತಾನೇ ತಣ್ಣಗಾಗುತ್ತದೆ. ಇದಕ್ಕೆ ಪಂಪೂ ಇಲ್ಲ, ಚಕ್ರವೂ ಇಲ್ಲ. ನೀರಿನ ಗುಳ್ಳೆಯೇ ಆಳು. ನನ್ನ ಅಜ್ಜಿ ಮೊದಲ ದಿನ ಅದರ ಸದ್ದು ಕೇಳಿ, "ಇದಕ ಹೊಟ್ಟೀ ಬ್ಯಾನಿ ಹತ್ತೇತೇನ?" ಎಂದು ವಿಚಾರಿಸಿದಳು.

ಇದರ ವಂಶಾವಳಿಯೂ ಸ್ವಾರಸ್ಯವಾಗಿದೆ. ಅಮೇರಿಕೆಯಲ್ಲಿ ಹುಟ್ಟಿ ಯುರೋಪಿನಲ್ಲಿ ಹೆಸರಾದ ವಿಜ್ಞಾನಿ ಕೌಂಟ್ ರಮ್‌ಫರ್ಡನು 1812ರಲ್ಲಿ ಕಾಫಿಯ ಗುಣಗಳ ಬಗೆಗೆ ಒಂದು ಪ್ರಬಂಧವನ್ನೇ ಬರೆದನು. ಕಾಫಿಯನ್ನು ಕುದಿಸಬಾರದು, ಕುದಿಸಿದರೆ ಪರಿಮಳ ಹಾರಿಹೋಗುವುದೆಂದು ವಾದಿಸಿದನು. ಪುಡಿಯ ಮೂಲಕ ನೀರು ಇಳಿಯುವ ಪಾತ್ರೆಗಳನ್ನು ರೂಪಿಸಿದವರಲ್ಲಿ ಅವನ ಹೆಸರು ಮುಂದಿದೆ. 1819ರಲ್ಲಿ ಪ್ಯಾರಿಸ್ಸಿನ ತಗಡುಗಾರ ಲಾರೆನ್ಸನು ನೀರು ಮೇಲೇರುವ ಕೊಳವೆಯನ್ನು ಸೇರಿಸಿದನು. 1889ರಲ್ಲಿ ಅಮೇರಿಕೆಯ ಹ್ಯಾನ್ಸನ್ ಗುಡ್ರಿಚ್ ಎಂಬಾತನು ಒಲೆಯ ಮೇಲಿಡುವ ಪರ್ಕೊಲೇಟರಿಗೆ ಪೇಟೆಂಟು ಪಡೆದನು. ಕುದಿಸಬೇಡಿರೆಂದವನ ವಂಶದಲ್ಲಿ ಕುದಿದ ಕಾಫಿಯನ್ನೇ ಮತ್ತೆ ಮತ್ತೆ ಕುದಿಸುವ ಪಾತ್ರೆ ಹುಟ್ಟಿತೆಂಬುದು ವಿಧಿವಿಲಾಸವೇ ಸರಿ! ಸುಮಾರು ಒಂದು ಶತಮಾನ ಅಮೇರಿಕೆಯ ಮನೆಮನೆಯಲ್ಲೂ ಗುಡುಗುಡಿಸಿದ ಈ ಪಾತ್ರೆಯನ್ನು 1970ರ ದಶಕದಲ್ಲಿ ಹನಿಹನಿಯಾಗಿ ಇಳಿಸುವ ಬೇರೆ ಯಂತ್ರಗಳು ಮೂಲೆಗೆ ತಳ್ಳಿದವು.

ಇನ್ನು ಆಕ್ಷೇಪಣೆಗಳ ಮಾತು. "ನೇಕಾರರ ಮನೆಗೆ ಇಂಥ ಚೈನಿಯೇಕೆ?" ಎಂದು ಕೆಲವರೆನ್ನುವರು. ಹಾಗೆನ್ನುವವರ ಮನೆಯಲ್ಲಿ ಎರಡು ಯಂತ್ರಗಳಿರುತ್ತವೆಂಬುದು ನಾನು ಕಂಡ ಸಂಗತಿ. ವಿದ್ಯುತ್ತು ನಮ್ಮ ಓಣಿಗೆ ಹೊಸದಲ್ಲ. ಅದು ಬಂದದ್ದು ಮಗ್ಗ ನಡೆಸಲಿಕ್ಕೆ. ದೀಪ, ಪಂಖ, ಮಿಕ್ಸರುಗಳು ಅದರ ಬೆನ್ನು ಹಿಡಿದು ಒಳಗೆ ಬಂದವು. ಒಂದು ಅಶ್ವಶಕ್ತಿಯ ಮೋಟರೆಂದರೆ 746 ವ್ಯಾಟು. ನಮ್ಮ ಪರ್ಕೊಲೇಟರು 800 ವ್ಯಾಟಿನದು. ಅರ್ಥಾತ್, ಬಲದಲ್ಲಿ ಅದು ಒಂದು ಮಗ್ಗದ ಮೋಟರಿಗೆ ಸರಿಜೋಡಿ. ಆದರೆ ಮಗ್ಗ ಹಗಲೆಲ್ಲ ಓಡಿದರೆ ಇದು ಓಡುವುದು ಹತ್ತು ನಿಮಿಷ. ದಿನಕ್ಕೆರಡು ಸಾರಿ, ಹತ್ತು ಹತ್ತು ನಿಮಿಷ ನಡೆದರೆ ತಿಂಗಳಿಗೆ ಎಂಟು ಯೂನಿಟ್ಟು.

ಎಂಟು ಯೂನಿಟ್ಟು ಅಲ್ಪವೆಂದು ಅಣ್ಣನ ವಾದ. ಅಲ್ಪ ಹೌದು, ಆದರೆ ಲೆಕ್ಕವನ್ನು ಇನ್ನೊಂದು ಮಗ್ಗುಲಿನಿಂದಲೂ ನೋಡಬೇಕು. 2023ರ ಜುಲೈಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಗೆ ಸಿಗುವ ಉಚಿತ ವಿದ್ಯುತ್ತು ಆ ಮನೆಯ ಹಿಂದಿನ ವರ್ಷದ ಸರಾಸರಿಗೆ ನೂರಕ್ಕೆ ಹತ್ತು ಸೇರಿಸಿದಷ್ಟು. 200 ಯೂನಿಟ್ಟು ಅದರ ಮೇಲಿನ ಗೆರೆ. ಸರಾಸರಿ 60 ಯೂನಿಟ್ಟು ಸುಡುತ್ತಿದ್ದ ಮನೆಗೆ 66 ಉಚಿತ. ಹೆಚ್ಚುವರಿ ಸಿಕ್ಕಿದ್ದು ಆರು, ಕಾಫಿಪಾತ್ರೆ ಕೇಳುವುದು ಎಂಟು. ಆದುದರಿಂದ, "ಕರೆಂಟ್ ಹ್ಯಾಂಗೂ ಪುಕ್ಕಟೆ ಐತಿ" ಎನ್ನುವವರು ತಮ್ಮ ಬಿಲ್ಲನ್ನು ಒಮ್ಮೆ ತಿರುವಿ ನೋಡಲಿ. ಇಷ್ಟಾದರೂ ಇದು ಮನೆ ಮುಳುಗಿಸುವ ಖರ್ಚಲ್ಲ. ದಿನಾ ಪಾನ್ ಅಂಗಡಿಗೆ ಹೋಗುವ ಹಣದ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಚೈನಿಯ ಆಕ್ಷೇಪವನ್ನು ನಾನು ಒಪ್ಪಲಾರೆ. ಬಡವರು ರುಚಿ ಬಯಸಬಾರದೆಂಬ ಕಾಯದೆ ಎಲ್ಲಿಯೂ ಇಲ್ಲ.

ರುಚಿಯ ವಿಷಯಕ್ಕೆ ಬಂದರೆ ಮಾತ್ರ ನಿಜ ಹೇಳಬೇಕಾಗುತ್ತದೆ. ಪರ್ಕೊಲೇಟರು ಕಪ್ಪು ಕಾಫಿ ಕುಡಿಯುವ ಜನರಿಗಾಗಿ ಹುಟ್ಟಿದ ಪಾತ್ರೆ. ಅದರಲ್ಲಿ ಇಳಿಯುವ ಕಾಫಿ ತೆಳು. ನಮ್ಮಂತೆ ಅರ್ಧಕ್ಕರ್ಧ ಹಾಲು ಸುರಿದರೆ ಅದು ಹಾಲೂ ಅಲ್ಲ, ಕಾಫಿಯೂ ಅಲ್ಲ. ಗಟ್ಟಿಯಾಗಲೆಂದು ಹೆಚ್ಚು ಹೊತ್ತು ಕಾಯಿಸಿದರೆ ಕಹಿಯಾಗುತ್ತದೆ. ಹಾಲನ್ನೇ ಪಾತ್ರೆಯೊಳಗೆ ಸುರಿಯುವಂತಿಲ್ಲ, ತಳಕ್ಕೆ ಹತ್ತಿ ಸೀಯುತ್ತದೆ. ಮೈಸೂರು-ಬೆಂಗಳೂರಿನ ಕಡೆಯ ಮನೆಗಳಲ್ಲಿರುವ ಎರಡಂತಸ್ತಿನ ಹಿತ್ತಾಳೆಯ ಅಥವಾ ಸ್ಟೀಲಿನ ಫಿಲ್ಟರು ಈ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಮಾಡುತ್ತದೆ. ಮೇಲಿನ ಅಂತಸ್ತಿನಲ್ಲಿ ಪುಡಿ, ಅದರ ಮೇಲೆ ಬಿಸಿನೀರು. ಕೆಳಗೆ ಗಟ್ಟಿ ಡಿಕಾಕ್ಷನ್. ಅದಕ್ಕೆ ತಂತಿ ಬೇಡ, ಬಟನ್ನು ಬೇಡ. ಭೂಮಿಯ ಆಕರ್ಷಣೆಯೊಂದೇ ಸಾಕು. ಹಾಲಿನ ಕಾಫಿಯಷ್ಟೇ ಬೇಕೆನ್ನುವವರು ಅದನ್ನು ಕೊಂಡುಕೊಳ್ಳಲಿ, ಬೆಲೆಯೂ ಕಡಿಮೆ.

ಪುಡಿಯ ತೊಡಕೂ ಇದೆ. ಬಾಬಾಬುಡನ್ನರು ಮೋಕಾದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ನಾವೆಲ್ಲ ಓದಿದ್ದೇವೆ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ನಮ್ಮ ರಾಜ್ಯದಲ್ಲೇ ಬೆಳೆಯುತ್ತದೆ. ಆದರೂ ನಮ್ಮೂರಿನ ಕಿರಾಣಿ ಅಂಗಡಿಯಲ್ಲಿ ಸಿಗುವುದು ಬಿಸಿನೀರಿಗೆ ಹಾಕಿದೊಡನೆ ಕರಗುವ ಪುಡಿಯ ಚೀಟಿ. ಕರಗುವ ಪುಡಿಗೆ ಪರ್ಕೊಲೇಟರಿನಲ್ಲಿ ಕೆಲಸವೇ ಇಲ್ಲ. ಹುರಿದು ಬೀಸಿದ ಪುಡಿಯನ್ನು ಹುಬ್ಬಳ್ಳಿ-ಬೆಳಗಾವಿಗಳಿಂದ ತರಿಸಬೇಕು. ಅದೂ ಫಿಲ್ಟರಿನ ನಯವಾದ ಪುಡಿಯಾದರೆ ಬುಟ್ಟಿಯ ತೂತಿನಿಂದ ಜಾರಿ ಕಪ್ಪಿನ ತಳದಲ್ಲಿ ರಾಡಿಯಾಗಿ ಕೂಡುತ್ತದೆ. ಸಣ್ಣ ರವೆಗಿಂತ ದಪ್ಪಗೆ ಬೀಸಿಸಬೇಕು. ಚೀಟಿಯ ಮೇಲೆ ಚಿಕರಿಯ ಪ್ರಮಾಣ ಎಷ್ಟೆಂದೂ ನೋಡಬೇಕು. ಕಾಫಿ-ಚಿಕರಿ ಮಿಶ್ರಣದಲ್ಲಿ ಕಾಫಿಯು ನೂರಕ್ಕೆ 51ಕ್ಕಿಂತ ಕಡಿಮೆಯಿರಬಾರದೆಂದು ನಿಯಮವಿದೆ. ಹಾಗೆಂದರೆ 49ರವರೆಗೆ ಚಿಕರಿ ಇರಬಹುದು ಎಂದೂ ಆಯಿತಷ್ಟೆ!

ಇಷ್ಟೆಲ್ಲ ತಿಳಿದ ಮೇಲೂ ಪಾತ್ರೆ ಮನೆಯಲ್ಲಿರಲಿ ಎಂದೇ ನನ್ನ ಮತ. ಬೆಳಗಿನ ಐದಕ್ಕೆದ್ದು ಪುಸ್ತಕ ಹಿಡಿಯುವವಳಿಗೆ ಒಲೆಯ ಮುಂದೆ ನಿಲ್ಲದೆ ಒಂದು ಕಪ್ಪು ಕಾಫಿ ಸಿಗುವುದೆಂದರೆ ಸಾಮಾನ್ಯ ಸುಖವಲ್ಲ. ಹಾಲಿಲ್ಲದ ಕಾಫಿ ನನಗೆ ರೂಢಿಯಾಗಿಬಿಟ್ಟಿದೆ. ನನ್ನ ತಕರಾರು ಬೇರೆ ಕಡೆ ಇದೆ. ಅದು ಪಾತ್ರೆಯ ಹಿಂಭಾಗದ ತಕರಾರು.

ಮೊದಲು ನೀರಿನ ಮಾತು. ಲೋಕಾಪುರ-ಮುಧೋಳದ ಕಡೆ ನೆಲದಡಿಯಲ್ಲಿ ಸುಣ್ಣಗಲ್ಲಿದೆಯೆಂಬುದನ್ನು ಅಲ್ಲಿಯ ಸಿಮೆಂಟಿನ ಕಾರಖಾನೆಗಳೇ ಸಾರುತ್ತವೆ. ಇಂಥ ಕಲ್ಲನ್ನು ಹಾದು ಬರುವ ಬೋರಿನ ನೀರು ಗಡಸು. ಅದನ್ನು ಕಾಯಿಸಿದಂತೆಲ್ಲ ತಳಕ್ಕೆ ಬಿಳಿಯ ಹೊಪ್ಪಳಿಕೆ ಕೂಡುತ್ತದೆ. ಚಹಾದ ಬೋಗುಣಿಯಲ್ಲಾದರೆ ತೆಂಗಿನ ನಾರಿನಿಂದ ತಿಕ್ಕಿ ತೆಗೆಯಬಹುದು. ಪರ್ಕೊಲೇಟರಿನಲ್ಲಿ ಅದು ಕಾಯುವ ತಳಕ್ಕೂ ಬೆರಳು ಹೋಗದ ಕೊಳವೆಗೂ ಅಂಟಿಕೊಳ್ಳುತ್ತದೆ. ತಳದ ಸುಣ್ಣ ಕಾವನ್ನು ತಡೆಯುತ್ತದೆ; ಕೊಳವೆಯ ಸುಣ್ಣ ನೀರನ್ನು ತಡೆಯುತ್ತದೆ. ಎರಡು ತಿಂಗಳಲ್ಲಿ ನಮ್ಮ ಯಂತ್ರದ ಗುಡುಗು ಕೆಮ್ಮಾಯಿತು. ಮಗ್ಗಗಳೆಲ್ಲ ಓಡುವ ಹೊತ್ತಿನಲ್ಲಿ ವಿದ್ಯುತ್ತಿನ ಒತ್ತಡವೂ ಇಳಿದರಂತೂ ಮುಗಿದೇಹೋಯಿತು. 230 ವೋಲ್ಟು 180ಕ್ಕೆ ಇಳಿದರೆ 800 ವ್ಯಾಟಿನ ಪಾತ್ರೆ 490 ವ್ಯಾಟಿನಷ್ಟು ಮಾತ್ರ ಕಾಯುತ್ತದೆ. ಒತ್ತಡ ಕಾಲುಪಾಲಿಗಿಂತ ಕಡಿಮೆ ಇಳಿದರೂ ಕಾವು ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಇಳಿಯುವುದೇ ಇದರ ಗುಣ.

ಎರಡನೆಯದು ಜಿಡ್ಡು. ಕಾಫಿಯಲ್ಲಿ ಎಣ್ಣೆಯ ಅಂಶವಿದೆ. ಬುಟ್ಟಿಯನ್ನೂ ಕೊಳವೆಯನ್ನೂ ಅಂದಂದೇ ತೊಳೆಯದಿದ್ದರೆ ಆ ಎಣ್ಣೆ ಕಮಟು ಹಿಡಿದು ಮರುದಿನದ ಕಾಫಿಗೆ ಹಳಸಿನ ವಾಸನೆ ಕೊಡುತ್ತದೆ. ಅಂದರೆ ಒಂದು ಕಪ್ಪು ಕಾಫಿಗೆ ಬುಟ್ಟಿ, ಬುಟ್ಟಿಯ ಮುಚ್ಚಳ, ಕೊಳವೆ, ಮೇಲ್ಮುಚ್ಚಳ, ಪಾತ್ರೆ ಎಂದು ಐದು ಸಾಮಾನು ತೊಳೆಯಬೇಕು. ಚಹಾಕ್ಕೆ ಬೋಗುಣಿಯೊಂದು, ಸೋಸಣಿಯೊಂದು. ಅಡಿಗೆಮನೆಯ ಶ್ರಮ ಉಳಿಸಲು ಬಂದ ಯಂತ್ರ ಅದನ್ನು ಒಲೆಯಿಂದ ಬಚ್ಚಲಿಗೆ ವರ್ಗಮಾಡಿತೆಂದೇ ಹೇಳಬೇಕು. ಆ ಬಚ್ಚಲಲ್ಲಿ ಕೂತಿರುವವಳು ಯಾರೆಂಬುದನ್ನು ನಾನು ಹೇಳಬೇಕಾಗಿಲ್ಲ.

ಇಲ್ಲಿ ನಮ್ಮ ಮನೆಯ ಮುಂದಿನ ಅಂಕಣವನ್ನೂ ಹಿಂದಿನ ಅಂಕಣವನ್ನೂ ಹೋಲಿಸಿ ನೋಡಿರಿ. ಮುಂದೆ ಮಗ್ಗಗಳಿವೆ. ಅಪ್ಪ ದಿನವೂ ಅವಕ್ಕೆ ಎಣ್ಣೆ ಬಿಡುತ್ತಾನೆ, ಪಟ್ಟಾದ ಬಿಗಿ ನೋಡುತ್ತಾನೆ, ಲಾಳಿಯ ತುದಿಯನ್ನು ಬೆರಳಿನಿಂದ ಸವರಿ ನೋಡುತ್ತಾನೆ. ಸದ್ದು ಒಂದಿಷ್ಟು ಬದಲಾದರೆ ಊಟದ ತಾಟಿನಿಂದ ಎದ್ದುಹೋಗುತ್ತಾನೆ. ತನ್ನಿಂದಾಗದಿದ್ದರೆ ಜಾಬರನು ಬರುತ್ತಾನೆ. ಮೋಟರು ಸುಟ್ಟರೆ ಸುತ್ತಿಕೊಡುವವರು ಪಕ್ಕದ ಓಣಿಯಲ್ಲೇ ಇದ್ದಾರೆ. ಯಂತ್ರವನ್ನು ಆರೈಕೆ ಮಾಡುವುದರಲ್ಲಿ ನಮ್ಮ ಊರಿನ ಗಂಡಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಿಂದಿನ ಅಂಕಣದಲ್ಲಿ ಅದೇ ವಿದ್ಯುತ್ತಿನ ಇನ್ನೊಂದು ಯಂತ್ರದ ತಳದ ರಬ್ಬರು ಸಡಿಲಾಗಿ ನೀರು ಜಿನುಗಲಾರಂಭಿಸಿತು. ಅಪ್ಪನಿಗೆ ತೋರಿಸಿದರೆ, "ಅದು ಅಡಿಗಿ ಮನೀದು" ಎಂದ. ಅಣ್ಣನಿಗೆ ಫೋನು ಮಾಡಿದರೆ, "ಹೊಸಾದು ತಂದರಾತು ಬಿಡ" ಎಂದ. ಅವ್ವ ಕಂಡಿಕೆ ಸುತ್ತುತ್ತಲೇ ಒಂದೇ ಮಾತಿನಲ್ಲಿ ಮುಗಿಸಿದಳು: "ತಂದಾಂವ ಅಂವಾ, ತಿಕ್ಕಾಕಿ ನಾ."

ಸಂಪಾದನೆಗೆ ಸಂಬಂಧಿಸಿದ ಯಂತ್ರಕ್ಕೆ ಮಾತ್ರ ಆರೈಕೆ, ಉಳಿದುದಕ್ಕೆ ತಿಕ್ಕಾಟ. ಮೊದಲನೆಯದು ವಿದ್ಯೆ ಎನಿಸಿಕೊಳ್ಳುತ್ತದೆ. ಅದಕ್ಕೆ ಪಗಾರವಿದೆ, ಹೆಸರಿದೆ, ಶಿಷ್ಯರಿದ್ದಾರೆ. ಎರಡನೆಯದು ಹೆಂಗಸರ ಕೆಲಸ. ಆದರೆ ಕೊಳವೆಯ ಸುಣ್ಣ ಬಿಡಿಸುವುದಕ್ಕೂ ಮಗ್ಗದ ಪಟ್ಟಾ ಸರಿಪಡಿಸುವುದಕ್ಕೂ ಬುದ್ಧಿಯಲ್ಲಿ ಏನು ಅಂತರ? ನನಗಂತೂ ಕಾಣದು.

ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿದೆ. ಪಾತ್ರೆಯ ಜೊತೆ ಒಂದು ಚಿಕ್ಕ ಪುಸ್ತಿಕೆ ಬಂದಿತ್ತು. ಅದರಲ್ಲಿ ಇಂಗ್ಲಿಷ್ ಇತ್ತು, ಹಿಂದಿ ಇತ್ತು, ಕನ್ನಡ ಇರಲಿಲ್ಲ. ಅವ್ವ ಏಳನೆಯ ಇಯತ್ತೆಯವರೆಗೆ ಕಲಿತವಳು. ಕನ್ನಡದ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾಳೆ. ತಳದಲ್ಲಿ ವಿದ್ಯುತ್ತಿನ ಭಾಗವಿರುವುದರಿಂದ ಪಾತ್ರೆಯನ್ನು ನೀರಿನಲ್ಲಿ ಮುಳುಗಿಸಬಾರದೆಂಬ ಎಚ್ಚರಿಕೆ ಆ ಪುಸ್ತಿಕೆಯಲ್ಲಿ ದಪ್ಪಕ್ಷರದಲ್ಲಿತ್ತು. ಯಾರಿಗಾಗಿ? ಅದನ್ನು ಓದಬಲ್ಲ ಅಣ್ಣ ಎಂದೂ ಪಾತ್ರೆ ತೊಳೆಯುವುದಿಲ್ಲ. ತೊಳೆಯುವ ಅವ್ವನಿಗೆ ಆ ಭಾಷೆ ಬಾರದು. ಉಳಿದ ಪಾತ್ರೆಗಳ ಸಂಗಡ ಅದನ್ನೂ ಬುಟ್ಟಿಯ ನೀರಿಗಿಳಿಸುತ್ತಿದ್ದಳು, ಸುದೈವದಿಂದ ನಾನು ಅಲ್ಲಿದ್ದೆ.

ಆ ಸಂಜೆ ನಾನು ಪುಸ್ತಿಕೆಯನ್ನು ಎದುರಿಗಿಟ್ಟುಕೊಂಡು ನೋಟುಬುಕ್ಕಿನ ಒಂದು ಹಾಳೆಯ ಮೇಲೆ ಎಲ್ಲವನ್ನೂ ಕನ್ನಡದಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿದೆ. ತೊಳೆಯುವ ಮೊದಲು ವಾಯರು ಕಿತ್ತಿಡಬೇಕು, ತಣ್ಣಗಾಗಲು ಬಿಡಬೇಕು. ತಳವನ್ನು ಒದ್ದೆ ಅರಿವೆಯಿಂದ ಒರೆಸಬೇಕು, ಮುಳುಗಿಸಬಾರದು. ನೀರಿಲ್ಲದೆ ಬಟನ್ನು ಒತ್ತಬಾರದು. ಕೊಳವೆಗೆ ಸಪೂರ ಬ್ರಶ್ಶು ಹಾಕಬೇಕು. ಮಗುವಿನ ಹಾಲಿನ ಬಾಟಲಿಯ ಬ್ರಶ್ಶು ಆಗದು, ಅದು ದಪ್ಪ. ತಿಂಗಳಿಗೊಮ್ಮೆ ಪುಡಿಯಿಲ್ಲದೆ ಬರಿ ನೀರು ತುಂಬಿ, ಎರಡು ನಿಂಬೆಹಣ್ಣಿನ ರಸವನ್ನೋ ಒಂದು ಚಮಚೆ ನಿಂಬೆ ಉಪ್ಪನ್ನೋ ಹಾಕಿ ಒಂದು ಸುತ್ತು ಗುಡುಗಿಸಬೇಕು. ಹುಳಿಗೆ ಸುಣ್ಣ ಕರಗುತ್ತದೆ. ಆಮೇಲೆ ಬರಿ ನೀರಿನಲ್ಲಿ ಎರಡು ಸಾರಿ. ಮೂರು ಕಡ್ಡಿಯ ಪ್ಲಗ್ಗನ್ನೇ ಹಾಕಬೇಕು, ನೆಲಕ್ಕೆ ಹೋಗುವ ಅರ್ಥಿಂಗ್ ತಂತಿ ಸರಿಯಿದೆಯೆಂದು ಖಾತ್ರಿಮಾಡಿಕೊಳ್ಳಬೇಕು. ಈ ಕೊನೆಯ ಸಾಲನ್ನು ಓದಿದ ಅಪ್ಪ ಮಾತ್ರ ಏನೂ ಹೇಳದೆ ಹೋಗಿ ಅಡಿಗೆಮನೆಯ ಪ್ಲಗ್ಗನ್ನು ಬಿಚ್ಚಿ ನೋಡಿದ. ಅರ್ಥಿಂಗಿನ ತಂತಿ ಬಿಟ್ಟುಹೋಗಿತ್ತು, ಕೂಡಿಸಿದ. ಮಿಕ್ಸರಿನದನ್ನೂ ಬಿಚ್ಚಿ ನೋಡಿದ.

ಮೂರು ವರ್ಷ ಕಾಲೇಜಿನಲ್ಲಿ ಕಲಿತು ಏನು ಮಾಡಿದೆಯೆಂದು ಓಣಿಯವರು ಕೇಳುತ್ತಿರುತ್ತಾರೆ. ಆ ಹಾಳೆಯನ್ನು ಈಗ ಪಕ್ಕದ ಎರಡು ಮನೆಯವರು ನಕಲು ಮಾಡಿಕೊಂಡಿದ್ದಾರೆ. ಒಂದು ಮನೆಯಲ್ಲಿ ಕಾಫಿಯ ಯಂತ್ರವೇ ಇಲ್ಲ, ನೀರು ಕಾಯಿಸುವ ವಿದ್ಯುತ್ತಿನ ಕೆಟಲಿದೆ, ಅದಕ್ಕೂ ಹೊಂದುತ್ತದೆಂದು ಒಯ್ದರು. ನಮ್ಮ ರಾಜ್ಯದಲ್ಲಿ ಮಾರುವ ಪ್ರತಿಯೊಂದು ಮನೆಯಂತ್ರದ ಜೊತೆ ಕನ್ನಡದ ಒಂದು ಪುಟ ಇರಲೇಬೇಕೆಂದು ನಾವು ಪದವೀಧರರಾಗುವವರು ಕೇಳಬಾರದೇಕೆ? ಸಾಹಿತ್ಯದ ಕನ್ನಡಕ್ಕೆ ಸಮ್ಮೇಳನಗಳಿವೆ. ತೊಳೆಯುವ ಕನ್ನಡಕ್ಕೂ ಯಾರಾದರೂ ಒಬ್ಬರು ಬೇಕು.

ಕೊಂಡು ತರುವ ಸೋದರರಿಗೂ ಒಂದು ಮಾತು. ಮದುವೆಯ ಆಯೇರಿಗೆ ಇಂಥ ಯಂತ್ರವನ್ನು ಕೊಡುವಾಗ ಅದರ ರಬ್ಬರು, ಗಾಜಿನ ಗುಬ್ಬಿ, ಕಾಯುವ ಸುರುಳಿ, ಇವು ಜಮಖಂಡಿಯಲ್ಲಿ ಸಿಗುತ್ತವೆಯೇ ಎಂದು ಮೊದಲು ವಿಚಾರಿಸಿರಿ. ಸಿಗದಿದ್ದರೆ ಎರಡು ರಬ್ಬರುಗಳನ್ನು ಕೂಡಿಯೇ ಕೊಡಿರಿ. ಅವು ಚಿಕ್ಕವು, ಲಕೋಟೆಯಲ್ಲಿ ಹಿಡಿಯುತ್ತವೆ. ಮೇಲಾಗಿ, ಸುಟಿಗೆ ಮನೆಗೆ ಬಂದ ನಾಲ್ಕು ದಿನವಾದರೂ ಆ ಪಾತ್ರೆಯನ್ನು ನೀವೇ ತೊಳೆಯಿರಿ. ಇದು ಶಿಕ್ಷೆಯಲ್ಲ, ಮಗ್ಗ ಕೊಂಡವನು ಎಣ್ಣೆ ಬಿಡುವಂತೆ ಇದೂ ಒಂದು.

ನಮ್ಮ ಕಾಲೇಜಿನ ವಿದ್ಯಾರ್ಥಿನಿಯರ ಕೊಠಡಿಗೂ ಇಂಥದೊಂದು ಯಂತ್ರ ಕೊಳ್ಳಬೇಕೆಂದು ಸ್ನೇಹಸಮ್ಮೇಳನದ ಉಳಿದ ಹಣದ ಬಗೆಗೆ ಮಾತು ನಡೆದಿದೆಯೆಂದು ಕೇಳಿದ್ದೇನೆ. ನಾನು ಆಗ ಇಲ್ಲಿರುವುದಿಲ್ಲ. ಆದರೂ ಗುರುಗಳಲ್ಲಿಯೂ ಕಿರಿಯ ಗೆಳತಿಯರಲ್ಲಿಯೂ ನನ್ನದೊಂದು ಬಿನ್ನಹ: ಯಂತ್ರದ ಬೆಲೆಪಟ್ಟಿ ತರಿಸುವ ಮುನ್ನ ಸೋಮವಾರದಿಂದ ಶನಿವಾರದವರೆಗೆ ಯಾರು ಯಾವ ದಿನ ತೊಳೆಯುವರೆಂಬ ಯಾದಿಯನ್ನು ಬರೆದು ಗೋಡೆಗೆ ಅಂಟಿಸಿರಿ. ಕಾಲೇಜಿನ ಸಿಪಾಯಿಣಿಯ ಹೆಸರು ಆ ಯಾದಿಯಲ್ಲಿ ಬರದಿರಲಿ. ಆರು ದಿನಕ್ಕೆ ಆರು ಹೆಸರು ತುಂಬದಿದ್ದರೆ, ಗೇಟಿನ ಹೊರಗೆ ಚಹಾದ ಗಾಡಿ ಇದ್ದೇ ಇದೆ.